ಮಳೆಗಾಲದ ಕಳವಳವೂ ಮನೆಯಲ್ಲಿ ಮಾಡತಕ್ಕ ಉಪಾಯಗಳೂ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಎಂಬೀ ಮೂರು ತಾಲೂಕುಗಳಲ್ಲಿ ಆಷಾಢ ಮಾಸದ ರಾತ್ರಿಯು ಹೇಗಿರುವದೆಂದು ಅಲ್ಲಿಯವರಿಗೆ ನಾವು ಹೇಳಬೇಕಾದದ್ದಿಲ್ಲ. ಹಂಚಿನ ಮೇಲೆ ಮಳೆಯು ಬಿಡದೆ ಹೊಯ್ಯುತ್ತಿರುವದು. ಕರೆಂಟು ಹೋಗಿ ಎರಡು ದಿವಸಗಳಾಗಿರುವವು. ದಾರಿಗೆ ಮರವು ಅಡ್ಡ ಬಿದ್ದಿರುವದು. ತುಂಗೆಯು ಏರಿತೆಂದೂ ಶೃಂಗೇರಿಯ ಗಾಂಧಿ ಮೈದಾನಕ್ಕೆ ನೀರು ಬಂತೆಂದೂ ಸಂಜೆಯಲ್ಲಿ ಯಾರೋ ಹೇಳಿ ಹೋಗಿರುವರು. ಮನೆಯವರೆಲ್ಲರೂ ಮಲಗಿದ ಮೇಲೆ ಯಜಮಾನನು ಮಾತ್ರ ಕಣ್ಣು ತೆರೆದುಕೊಂಡು, ಕೊಳೆ ಬಿತ್ತೋ ಏನೋ, ಎರಡನೆಯ ಸಲ ಔಷಧಿ ಹೊಡೆಯುವದಕ್ಕೆ ಹೊಳವು ಸಿಕ್ಕುವದೋ ಇಲ್ಲವೋ, ಸೊಸೈಟಿಯ ಕಂತನ್ನು ಎಲ್ಲಿಂದ ಕಟ್ಟಲಿ, ಬೆಂಗಳೂರಿನಲ್ಲಿರುವ ಮಗನು ಯಾಕೆ ಫೋನು ಮಾಡಲಿಲ್ಲ ಎಂದು ಒಂದರ ಹಿಂದೆ ಒಂದನ್ನು ಲೆಕ್ಕ ಹಾಕುತ್ತಿರುವನು. ಎದೆಯು ಹೊಡೆದುಕೊಳ್ಳುವದು, ಹೊಟ್ಟೆಯಲ್ಲಿ ಏನೋ ತಿರುಚಿದಂತಾಗುವದು. ಪಕ್ಕದಲ್ಲಿ ಅವನ ಹೆಂಡತಿಯೂ ಎಚ್ಚರವಾಗಿಯೇ ಇರುವಳು; ಆದರೆ ಆಕೆಯು ಅದನ್ನು ಹೇಳುವದಿಲ್ಲ.

ಈ ಎಚ್ಚರದ ವಿಷಯವಾಗಿಯೇ ಈ ತಿಂಗಳ ಪಾಠವನ್ನು ಬರೆದಿದ್ದೇವೆ. ಮನೆಯಲ್ಲಿ ಒಬ್ಬರು ಗಟ್ಟಿಯಾಗಿ ಓದಿ ಉಳಿದವರು ಕೇಳುವದಾದರೆ ಹೆಚ್ಚು ಪ್ರಯೋಜನವಾದೀತು. ಯಾಕಂದರೆ ಇದರಲ್ಲಿ ಹೇಳಿದ ಕೆಲವು ಸಂಗತಿಗಳನ್ನು ಕಣ್ಣು ಮುಚ್ಚಿಕೊಂಡು ಮಾಡಬೇಕಾಗಿದೆ. ಕಣ್ಣು ಮುಚ್ಚಿದವನು ಓದುವದು ಹೇಗೆ?

ನೀವು ಕಾರಣವಿಲ್ಲದೆ ಕಳವಳಪಡುತ್ತೀರೆಂದು ನಾವು ಹೇಳುವದಿಲ್ಲ. ಅಡಿಕೆಯ ಹಳದಿ ಎಲೆ ರೋಗವು ಈ ಸೀಮೆಯಲ್ಲಿ ಎಷ್ಟೋ ದಶಕಗಳಿಂದ ನೆಲೆಗೊಂಡಿದೆ. ಫೈಟೋಪ್ಲಾಸ್ಮ ಎಂಬ ಅತಿ ಸೂಕ್ಷ್ಮ ಜೀವಿಯು ಮರದ ನಾಳಗಳಲ್ಲಿ ಸೇರಿಕೊಳ್ಳುವದರಿಂದ ಅದು ಬರುವದು. ಹಿಡಿದ ಮರವನ್ನು ಗುಣಪಡಿಸುವ ಔಷಧವು ಇದುವರೆಗೂ ಇಲ್ಲ. ಈಚಿನ ವರುಷಗಳಲ್ಲಿ ಎಲೆಚುಕ್ಕಿ ರೋಗವೂ ಬಂದು ಕೂಡಿಕೊಂಡಿತು. ಅಜ್ಜನು ನೆಟ್ಟ ತೋಟವು ಕಣ್ಣ ಮುಂದೆಯೇ ಬರಿದಾಗುವದನ್ನು ನೋಡುವವನಿಗೆ, ಚಿಂತೆ ಮಾಡಬೇಡವೆಂದು ಸುಮ್ಮನೆ ಹೇಳುವದು ಹುಣ್ಣಿನ ಮೇಲೆ ಕೈಯಿಟ್ಟ ಹಾಗೆಯೇ ಸರಿ. ಇದಲ್ಲದೆ ಆನೆಯ ಭಯ, ಕಾಡಿನ ಅಂಚಿನ ಜಮೀನು ಉಳಿಯುವದೋ ಎಂಬ ಭಯ, ೧೯೫೭ರಲ್ಲಿ ಸೊರಬ ಸೀಮೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟು ಆ ಮೇಲೆ ನಮ್ಮ ಕಡೆಗೂ ಬಂದ ಮಂಗನ ಕಾಯಿಲೆಯ ಭಯ. ನರಸಿಂಹರಾಜಪುರದ ಕಡೆಯಲ್ಲಿ ಭದ್ರಾ ಹಿನ್ನೀರಿನೊಳಗೆ ಹೋದ ಊರುಗಳ ಮಾತನ್ನು ಹಿರಿಯರಿಂದ ಕೇಳಿದವರು ಈಗಲೂ ಇದ್ದಾರೆ. ನೆಲವು ಕೈಬಿಟ್ಟು ಹೋಗುವದೆಂಬ ಭಯವು ಅಲ್ಲಿ ಮಕ್ಕಳಿಗೂ ಹೊಸದಲ್ಲ.

ಹೀಗಿರಲಾಗಿ ಈ ಪಾಠದಲ್ಲಿ ಹೇಳುವ ಉಪಾಯಗಳು ಸಾಲವನ್ನು ತೀರಿಸಲಾರವು, ಮಳೆಯನ್ನು ನಿಲ್ಲಿಸಲಾರವು. ಅವು ಮಾಡತಕ್ಕದ್ದು ಬೇರೆ. ರಾತ್ರಿಯೆಲ್ಲಾ ಎದೆ ಹೊಡೆದುಕೊಂಡು ಬೆಳಗಿನಲ್ಲಿ ಕೈಕಾಲು ಸೋತವನು ಸಾಲದ ವಿಷಯದಲ್ಲಿ ಸರಿಯಾದ ತೀರ್ಮಾನ ಮಾಡಲಾರನು, ಮಕ್ಕಳ ಮೇಲೆ ಸಿಡುಕುವನು, ಮರದಿಂದ ಜಾರುವನು. ಶರೀರಕ್ಕೆ ದಿನಕ್ಕೊಂದಾವೃತ್ತಿ ನಿಜವಾದ ವಿಶ್ರಾಂತಿಯನ್ನು ಕೊಡುವದಾದರೆ ಅವನಿಗೆ ತನ್ನ ಕಷ್ಟವನ್ನು ಎದುರಿಸುವದಕ್ಕೆ ಬೇಕಾದ ಬಲವು ಉಳಿಯುವದು. ಇಷ್ಟೇ.

ಮೊದಲು ಶರೀರದಲ್ಲಿ ಏನಾಗುತ್ತದೆಂಬದನ್ನು ತಿಳಿದುಕೊಳ್ಳೋಣ. ತೋಟದ ದಾರಿಯಲ್ಲಿ ಹೋಗುತ್ತಿರುವಾಗ ನಾಲ್ಕು ಮಾರು ದೂರದಲ್ಲಿ ಕಾಳಿಂಗವು ಹೆಡೆಯೆತ್ತಿತೆಂದು ಎಣಿಸಿರಿ. ನೀವು ಯೋಚಿಸುವದಕ್ಕೆ ಮೊದಲೇ ಶರೀರವು ತನ್ನ ಕೆಲಸವನ್ನು ಮಾಡಿ ಮುಗಿಸಿರುವದು. ಮೂತ್ರಪಿಂಡಗಳ ಮೇಲಿರುವ ಸಣ್ಣ ಗ್ರಂಥಿಗಳಿಂದ ಅಡ್ರಿನಲಿನ್ ಎಂಬ ರಸವು ರಕ್ತದಲ್ಲಿ ಬಂದು ಸೇರುವದು. ಹೃದಯವು ವೇಗವಾಗಿ ಬಡಿಯುವದು. ಉಸಿರು ಮೇಲೆ ಮೇಲೆ ಬರುವದು. ಹೊಟ್ಟೆಯ ಜೀರ್ಣದ ಕೆಲಸವು ನಿಲ್ಲುವದು. ರಕ್ತವು ಕೈಕಾಲುಗಳ ಸ್ನಾಯುಗಳಿಗೆ ಹರಿಯುವದು. ಹೆಗಲು, ದವಡೆ, ತೊಡೆ ಎಲ್ಲವೂ ಬಿಗಿಯಾಗುವವು. ಓಡುವದಕ್ಕೋ ಹೋರಾಡುವದಕ್ಕೋ ಇದು ಸಿದ್ಧತೆ. ಅಮೇರಿಕದ ಹಾರ್ವರ್ಡ್ ವಿದ್ಯಾಲಯದ ವಾಲ್ಟರ್ ಕ್ಯಾನನ್ ಎಂಬ ಶರೀರಶಾಸ್ತ್ರಜ್ಞನು ೧೯೧೫ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ವಿವರಿಸಿದನು. ಇದು ರೋಗವಲ್ಲ, ಇದಿಲ್ಲದಿದ್ದರೆ ಮಲೆನಾಡಿನಲ್ಲಿ ಮನುಷ್ಯನು ಬಹು ಕಾಲ ಬದುಕುತ್ತಿರಲಿಲ್ಲ.

ಹಾವು ಸರಿದು ಹೋದ ಮೇಲೆ ಸ್ವಲ್ಪ ಹೊತ್ತಿನಲ್ಲಿ ಎದೆಯು ತಣ್ಣಗಾಗುವದು. ಆದರೆ ಸಾಲವು ಹಾವಿನಂತೆ ಸರಿದು ಹೋಗುವದಿಲ್ಲ. ಅದನ್ನು ನೆನಸಿದಾಗಲೆಲ್ಲಾ ಶರೀರವು ಎದುರಿಗೆ ಹಾವಿದೆಯೆಂದೇ ಎಣಿಸುವದು. ಓಡುವದಕ್ಕೆ ದಾರಿಯಿಲ್ಲ, ಹೊಡೆಯುವದಕ್ಕೆ ಏನೂ ಇಲ್ಲ. ಸಿದ್ಧತೆ ಮಾತ್ರ ತಿಂಗಳುಗಟ್ಟಲೆ ನಡೆಯುತ್ತದೆ. ಆಗಲೇ ತಲೆನೋವು, ಕತ್ತಿನ ಬಿಗಿತ, ಅಜೀರ್ಣ, ನಿದ್ದೆಗೇಡು, ಸಿಡುಕು, ಮರೆವು ಮೊದಲಾದವುಗಳು ಕಾಣಿಸಿಕೊಳ್ಳುವವು. ಭಕ್ತಿಯುಳ್ಳವನಿಗೆ ಕಳವಳ ಬರಬಾರದೆಂದೂ ಬಂದರೆ ಅದು ನಂಬಿಕೆಯ ಕೊರತೆಯೆಂದೂ ಕೆಲವರು ಹೇಳುವದನ್ನು ಕೇಳಿದ್ದೇವೆ. ಜ್ವರ ಬಂದವನಿಗೆ ಹಾಗೆ ಹೇಳುವದುಂಟೋ? ಅಂಥ ಮಾತಿನಿಂದ ಕಳವಳವು ಕಡಿಮೆಯಾಗದೆ, ಅದರ ಮೇಲೆ ನಾಚಿಕೆಯೂ ಸೇರಿ ಭಾರವು ಎರಡಾಗುವದು. ಆದದರಿಂದ ಅದನ್ನು ಆಡದಿರುವದೇ ಒಳ್ಳೇದು.

ಸಂತೋಷದ ಸಂಗತಿ ಏನಂದರೆ, ಶರೀರದಲ್ಲಿ ಇದಕ್ಕೆ ವಿರೋಧವಾದ ಇನ್ನೊಂದು ಏರ್ಪಾಡೂ ಇದೆ. ಅದು ಹೃದಯವನ್ನು ನಿಧಾನ ಮಾಡಿ, ಉಸಿರನ್ನು ತಗ್ಗಿಸಿ, ಹೊಟ್ಟೆಯ ಕೆಲಸವನ್ನು ಮತ್ತೆ ನಡೆಸುವದು. ಅದೇ ಹಾರ್ವರ್ಡಿನ ವೈದ್ಯನಾದ ಹರ್ಬರ್ಟ್ ಬೆನ್ಸನ್ ಎಂಬಾತನು ೧೯೭೫ರಲ್ಲಿ ಇದನ್ನು ಕುರಿತು ಒಂದು ಪುಸ್ತಕವನ್ನು ಬರೆದನು. ಹೃದಯಕ್ಕೆ ನಿಧಾನವಾಗೆಂದು ನಾವು ಅಪ್ಪಣೆ ಕೊಡಲಾರೆವು, ಅದು ಕೇಳುವದಿಲ್ಲ. ಆದರೆ ಉಸಿರೂ ಸ್ನಾಯುಗಳೂ ನಮ್ಮ ಮಾತನ್ನು ಕೇಳುತ್ತವೆ. ಆ ಎರಡನ್ನು ಹಿಡಿದುಕೊಂಡು ಹೋದರೆ ಹೃದಯವು ತಾನಾಗಿ ಹಿಂಬಾಲಿಸುವದು. ಮುಂದೆ ಹೇಳುವದೆಲ್ಲಾ ಈ ಒಂದು ಮಾತಿನ ಮೇಲೆ ನಿಂತಿದೆ.

ಉಪಾಯಗಳನ್ನು ಹೇಳುವದಕ್ಕೆ ಮೊದಲು ತೋಟಗಾರರಿಗೆ ಒಂದು ಪ್ರಶ್ನೆ. ಬೋರ್ಡೋ ದ್ರಾವಣವನ್ನು ನೀವು ಯಾವಾಗ ಹೊಡೆಯುತ್ತೀರಿ? ಕಾಯಿ ಕೊಳೆತು ಉದುರಿದ ಮೇಲೆಯೋ? ಇಲ್ಲ, ಮಳೆಯು ಹಿಡಿಯುವದಕ್ಕೆ ಮೊದಲೇ ಒಂದು ಸಲ ಹೊಡೆದು, ನಲವತ್ತು ನಲವತ್ತೈದು ದಿವಸಗಳಾದ ಮೇಲೆ ಹೊಳವು ನೋಡಿ ಮತ್ತೊಂದು ಸಲ ಹೊಡೆಯುತ್ತೀರಿ. ಮೈಲುತುತ್ತ ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು ನೂರು ಲೀಟರು ಎಂಬ ಅಳತೆಯನ್ನೂ ತಪ್ಪಿಸುವದಿಲ್ಲ. ವಿಶ್ರಾಂತಿಯ ಅಭ್ಯಾಸವೂ ಹಾಗೆಯೇ. ಎದೆಯು ಹೊಡೆದುಕೊಳ್ಳುತ್ತಿರುವ ರಾತ್ರಿಯಲ್ಲಿ ಮೊದಲನೆಯ ಸಲ ಮಾಡಿ ನೋಡಿ, ಇದರಿಂದ ಏನೂ ಆಗಲಿಲ್ಲವೆಂದು ಬಿಟ್ಟುಬಿಡುವವರು ಬಹಳ ಮಂದಿ. ಮನಸ್ಸು ಸಾಧಾರಣವಾಗಿರುವ ದಿವಸಗಳಲ್ಲಿ, ದಿನಕ್ಕೆ ಹತ್ತು ಹದಿನೈದು ನಿಮಿಷಗಳಂತೆ, ಎರಡು ಮೂರು ವಾರಗಳ ವರೆಗೆ ಕಲಿತವನಿಗೆ ಕಷ್ಟದ ರಾತ್ರಿಯಲ್ಲಿ ಅದು ಕೈಗೆ ಬರುವದು.

ಮೊದಲನೆಯದು ಉಸಿರು. ಗಾಬರಿಯಾದವನಿಗೆ ನೆರೆಯವರು, ಜೋರಾಗಿ ಉಸಿರು ತೆಗೆದುಕೋ ಎಂದು ಹೇಳುವದುಂಟು. ಇದು ಒಳ್ಳೇ ಮನಸ್ಸಿನ ಮಾತಾದರೂ ತಪ್ಪಾದ ಬುದ್ಧಿಯಾಗಿದೆ. ಗಾಬರಿಯಲ್ಲಿರುವವನು ಮೊದಲೇ ಅಗತ್ಯಕ್ಕಿಂತ ಹೆಚ್ಚು ಉಸಿರಾಡುತ್ತಿರುವನು. ಅದರಿಂದ ರಕ್ತದಲ್ಲಿರುವ ಇಂಗಾಲಾಮ್ಲ ವಾಯುವು ಕಡಿಮೆಯಾಗಿ ಬೆರಳುಗಳು ಜುಮ್ಮೆನ್ನುವವು, ತುಟಿಯು ಮರಗಟ್ಟುವದು, ತಲೆ ತಿರುಗುವದು. ಇನ್ನೂ ಜೋರಾಗಿ ಎಳೆದರೆ ಇವೆಲ್ಲವೂ ಹೆಚ್ಚಾಗಿ, ಪ್ರಾಣವೇ ಹೋಗುತ್ತದೆಂದು ಅವನಿಗೆ ತೋರುವದು. ಬೇಕಾದದ್ದು ದೊಡ್ಡ ಉಸಿರಲ್ಲ, ನಿಧಾನವಾದ ಉಸಿರು. ಮುಖ್ಯವಾಗಿ ಉದ್ದವಾಗಿ ಹೊರಗೆ ಹೋಗುವ ಉಸಿರು. ಉಸಿರು ಒಳಗೆ ಬರುವಾಗ ಹೃದಯದ ಬಡಿತವು ಸ್ವಲ್ಪ ವೇಗವಾಗುವದು, ಹೊರಗೆ ಹೋಗುವಾಗ ನಿಧಾನವಾಗುವದು. ನಾಡಿಯ ಮೇಲೆ ಬೆರಳಿಟ್ಟು ಸಾವಕಾಶವಾಗಿ ನೋಡಿದರೆ ಅನೇಕರಿಗೆ ಇದು ತಿಳಿಯುವದು.

ಮಾಡುವ ಕ್ರಮವು ಹೀಗೆ. ಜಗಲಿಯ ಕಂಬಕ್ಕೆ ಒರಗಿ ಕೂಡ್ರಿರಿ, ಇಲ್ಲವೆ ಚಾಪೆಯ ಮೇಲೆ ಅಂಗಾತವಾಗಿ ಮಲಗಿ ಮೊಣಕಾಲುಗಳನ್ನು ಮಡಚಿರಿ. ಒಂದು ಕೈಯನ್ನು ಎದೆಯ ಮೇಲೆ, ಮತ್ತೊಂದನ್ನು ಹೊಕ್ಕುಳಿನ ಮೇಲೆ ಇಡಿರಿ. ಮೂಗಿನಿಂದ ಮೆಲ್ಲಗೆ, ಮನಸ್ಸಿನಲ್ಲಿ ನಾಲ್ಕರ ವರೆಗೆ ಎಣಿಸುತ್ತಾ ಉಸಿರನ್ನು ತೆಗೆದುಕೊಳ್ಳಿರಿ. ಆಗ ಹೊಕ್ಕುಳಿನ ಮೇಲಿನ ಕೈ ಏಳಬೇಕು, ಎದೆಯ ಮೇಲಿನದು ಹೆಚ್ಚು ಕದಲಬಾರದು. ಆ ಮೇಲೆ ಆರರ ವರೆಗೆ ಎಣಿಸುತ್ತಾ ಬಿಡಿರಿ. ಬಿಡುವದು ಹೇಗಂದರೆ, ಒಲೆಯ ಕೆಂಡವನ್ನು ಊದುಕೊಳವೆಯಿಂದ ಬೂದಿ ಏಳದಂತೆ ಮೆಲ್ಲಗೆ ಊದುತ್ತೇವಲ್ಲವೋ, ಹಾಗೆ. ಒಂದು ಎಣಿಕೆಗೆ ಒಂದು ಸೆಕೆಂಡಿನಂತೆ ಹಿಡಿದರೆ ಒಂದು ನಿಮಿಷಕ್ಕೆ ಆರು ಉಸಿರುಗಳಾಗುವವು. ನಾಲ್ಕೂ ಆರೂ ಕಷ್ಟವಾದರೆ ಮೂರು ಮತ್ತು ನಾಲ್ಕರಿಂದ ಆರಂಭಿಸಿರಿ. ಉಸಿರನ್ನು ಒಳಗೆ ಬಿಗಿಹಿಡಿಯಬೇಡಿರಿ. ಬಸುರಿಯರೂ ಹೃದಯದ ಇಲ್ಲವೆ ಉಬ್ಬಸದ ಕಾಯಿಲೆಯುಳ್ಳವರೂ ಈ ಮಾತನ್ನು ವಿಶೇಷವಾಗಿ ಗಮನಿಸಬೇಕು. ತಲೆಯು ತಿರುಗಿದರೆ ಎಣಿಕೆಯನ್ನು ಬಿಟ್ಟು ಸಾಧಾರಣವಾಗಿ ಉಸಿರಾಡಿರಿ. ಐದು ನಿಮಿಷಗಳು ಸಾಕು. ಎಣಿಸುವದಕ್ಕೆ ಬದಲಾಗಿ ಪ್ರಾರ್ಥನೆಯ ಒಂದು ಚಿಕ್ಕ ಮಾತನ್ನು ಉಸಿರಿನೊಂದಿಗೆ ಹೇಳಿಕೊಳ್ಳುವದು ಕೆಲವರಿಗೆ ಸುಲಭವಾಗಿರುವದು. ಬೆನ್ಸನ್ನನೂ ತನಗೆ ಒಗ್ಗುವ ಮಾತನ್ನು ಆರಿಸಿಕೊಳ್ಳಬಹುದೆಂದು ಹೇಳಿದ್ದಾನೆ. ನಡುವೆ ಬೇರೆ ಯೋಚನೆ ಬಂದರೆ, ಅಂಗಳಕ್ಕೆ ಬಂದ ಪಕ್ಕದ ಮನೆಯ ಕರುವನ್ನು ಹೊಡೆಯದೆ ಬೈಯದೆ ಅಟ್ಟಿಬಿಡುವ ಹಾಗೆ, ಅದನ್ನು ಬಿಟ್ಟು ತಿರಿಗಿ ಉಸಿರಿನ ಕಡೆಗೆ ಬರುವದು.

ಎರಡನೆಯದು ಸ್ನಾಯುಗಳನ್ನು ಸಡಿಲಿಸುವದು. ಇದರ ಮೇಲೆ ನಮಗೆ ಹೆಚ್ಚು ವಿಶ್ವಾಸ. ಯಾಕಂದರೆ ಮೈಮುರಿದು ದುಡಿಯುವವರಿಗೆ ಇದು ಬೇಗನೆ ಅರ್ಥವಾಗುತ್ತದೆ. ಚಿಕಾಗೋ ನಗರದಲ್ಲಿ ಎಡ್ಮಂಡ್ ಜೇಕಬ್‌ಸನ್ ಎಂಬ ವೈದ್ಯನಿದ್ದನು. ಕಳವಳವುಳ್ಳ ಮನುಷ್ಯನ ಸ್ನಾಯುಗಳು ಅವನಿಗೆ ತಿಳಿಯದೆಯೇ ಬಿಗಿಯಾಗಿರುವವೆಂದೂ, ಆ ಬಿಗಿತವನ್ನು ಗುರುತಿಸಿ ಬಿಡುವದನ್ನು ಕಲಿಸಿದರೆ ಮನಸ್ಸೂ ಶಾಂತವಾಗುವದೆಂದೂ ಆತನು ಅನೇಕ ವರುಷಗಳ ಪರೀಕ್ಷೆಯಿಂದ ಕಂಡು, ೧೯೨೯ರಲ್ಲಿ ಒಂದು ದೊಡ್ಡ ಗ್ರಂಥವನ್ನು ಪ್ರಕಟಿಸಿದನು. ಆತನ ಮೂಲ ಕ್ರಮವು ಬಹು ದೀರ್ಘವಾದದ್ದು. ಮುಂದಿನವರು ಅದನ್ನು ಚಿಕ್ಕದು ಮಾಡಿದರು. ನಾವು ಇಲ್ಲಿ ಕೊಡುವದು ಆ ಚಿಕ್ಕದನ್ನೇ.

ನಿಮ್ಮ ಹೆಗಲುಗಳು ಈ ಕ್ಷಣದಲ್ಲಿ ಎಲ್ಲಿವೆ, ನೋಡಿಕೊಳ್ಳಿರಿ. ಅಡಿಕೆ ಸುಲಿಯುವ ಕಾಲದಲ್ಲಿ ಮೆಟ್ಟುಗತ್ತಿಯ ಮುಂದೆ ರಾತ್ರಿ ಹತ್ತು ಗಂಟೆಯ ವರೆಗೆ ಕೂತವರ ಹೆಗಲುಗಳು ಕಿವಿಗಳ ಹತ್ತಿರ ಏರಿ ನಿಂತಿರುವವು. ಎದ್ದ ಮೇಲೆಯೂ ಇಳಿಯುವದಿಲ್ಲ. ದವಡೆಯ ಹಲ್ಲುಗಳು ಒಂದರ ಮೇಲೊಂದು ಒತ್ತಿಕೊಂಡಿರುವವು. ಇದನ್ನು ನಾವು ಹೇಳುವ ವರೆಗೆ ನೀವು ಗಮನಿಸಿದಿರೋ? ಜೇಕಬ್‌ಸನ್ನನ ಮಾತು ಇದೇ.

ಈಗ ಮನೆಯಲ್ಲಿ ಒಬ್ಬರು ಇದನ್ನು ಬಹು ನಿಧಾನವಾಗಿ ಓದಲಿ, ಉಳಿದವರು ಮಲಗಿಕೊಂಡು ಮಾಡಲಿ. ಬಲಗೈಯ ಮುಷ್ಟಿಯನ್ನು ಹಿಡಿಯಿರಿ. ಪೂರ್ಣ ಬಲದಿಂದಲ್ಲ, ಮುಕ್ಕಾಲು ಬಲದಿಂದ. ಐದರ ವರೆಗೆ ಎಣಿಸುವಷ್ಟು ಹೊತ್ತು ಹಾಗೆಯೇ ಇಟ್ಟು, ಬಿಗಿತವು ಎಲ್ಲೆಲ್ಲಿ ಇದೆಯೆಂದು ಗಮನಿಸಿರಿ. ಈಗ ಒಮ್ಮೆಗೇ ಬಿಟ್ಟುಬಿಡಿರಿ. ಕೈಯು ಒದ್ದೆ ಬಟ್ಟೆಯಂತೆ ಬೀಳಲಿ. ಇಪ್ಪತ್ತರ ವರೆಗೆ ಎಣಿಸುವಷ್ಟು ಹೊತ್ತು ಸುಮ್ಮನಿದ್ದು, ಮೊದಲಿಗೂ ಈಗಿಗೂ ಇರುವ ಭೇದವನ್ನು ನೋಡಿಕೊಳ್ಳಿರಿ. ಎಡಗೈಗೂ ಹಾಗೆಯೇ. ಆ ಮೇಲೆ ಎರಡು ತೋಳುಗಳನ್ನು ಮಡಚಿ ಬಿಗಿ ಮಾಡಿ ಬಿಡಿರಿ. ಹೆಗಲುಗಳನ್ನು ಕಿವಿಯ ವರೆಗೆ ಎತ್ತಿ, ತಡೆದು, ಬೀಳಬಿಡಿರಿ. ಹುಬ್ಬುಗಳನ್ನು ಮೇಲಕ್ಕೆತ್ತಿ ಹಣೆಯನ್ನು ಸುಕ್ಕು ಮಾಡಿ ಬಿಡಿರಿ. ಕಣ್ಣುಗಳನ್ನು ಬಿಗಿಯಾಗಿ ಮುಚ್ಚಿ ಸಡಿಲಿಸಿರಿ. ಹಲ್ಲುಗಳನ್ನು ಮೆಲ್ಲಗೆ ಕಚ್ಚಿ ಬಿಡಿರಿ. ಬಾಯಿ ಸ್ವಲ್ಪ ತೆರೆದುಕೊಂಡರೂ ನಾಚಬೇಕಾದದ್ದಿಲ್ಲ. ಹೊಟ್ಟೆಯನ್ನು, ಯಾರೋ ಹೊಡೆಯುವದಕ್ಕೆ ಬಂದರೆ ಮಾಡುವ ಹಾಗೆ, ಗಟ್ಟಿ ಮಾಡಿ ಬಿಡಿರಿ. ತೊಡೆಗಳನ್ನೂ ಆ ಮೇಲೆ ಮೀನಖಂಡಗಳನ್ನೂ ಬಿಗಿಮಾಡಿ ಬಿಡಿರಿ. ಕಾಲು ಹಿಡಿದುಕೊಳ್ಳುವ ಅಭ್ಯಾಸವಿರುವವರು ಮೀನಖಂಡವನ್ನು ಮೆತ್ತಗೆ ಮಾಡಲಿ. ಕಡೆಯಲ್ಲಿ ಏನೂ ಮಾಡದೆ, ಉಸಿರು ಬಂದು ಹೋಗುವದನ್ನು ನೋಡುತ್ತಾ ಎರಡು ಮೂರು ನಿಮಿಷ ಮಲಗಿರ್ರಿ. ಏಳುವಾಗ ಮೊದಲು ಕೈಬೆರಳುಗಳನ್ನು ಆಡಿಸಿ, ಮಗ್ಗುಲಾಗಿ, ಆ ಮೇಲೆ ಕೂತುಕೊಂಡು ಏಳಬೇಕು. ಥಟ್ಟನೆ ಎದ್ದರೆ ತಲೆ ಸುತ್ತುವದು. ಮುರಿದ ಎಲುಬು, ಬೆನ್ನಿನ ಬೇನೆ, ಹೊಸ ಗಾಯ ಇರುವ ಭಾಗವನ್ನು ಬಿಗಿ ಮಾಡದೆ ಬಿಟ್ಟು ಮುಂದಕ್ಕೆ ಹೋಗತಕ್ಕದ್ದು.

ಕೆಲವರಿಗೆ ಸುಮ್ಮನೆ ಮಲಗಿದೊಡನೆ ಕಳವಳವು ಹೆಚ್ಚಾಗುವದೂ ಉಂಟು. ಬಹು ಕಾಲ ಕಾವಲು ಕಾದವನಿಗೆ ಕಾವಲು ಬಿಡುವದೇ ಭಯವಾಗಿ ತೋರುವದು. ಅಂಥವರು ಕಣ್ಣು ತೆರೆದುಕೊಂಡು, ಕೂತುಕೊಂಡು, ಎರಡು ನಿಮಿಷದಿಂದ ಆರಂಭಿಸಲಿ. ಅದೂ ಆಗದಿದ್ದರೆ ನಡೆಯಲಿ. ಹೊಳವಾದಾಗ ಅರ್ಧ ಗಂಟೆ ಬೀಸುಹೆಜ್ಜೆಯಲ್ಲಿ ನಡೆಯುವದು, ಓಡುವದಕ್ಕೆ ಸಿದ್ಧವಾದ ಶರೀರಕ್ಕೆ ಓಡುವದಕ್ಕೆ ಸಮಾನವೇ.

ಗಾಬರಿಯು ಥಟ್ಟನೆ ಬಂದು ಮನಸ್ಸು ಎಲ್ಲಿಯೋ ಹಾರಿ ಹೋಗುವಾಗ ಪಂಚೇಂದ್ರಿಯಗಳಿಂದ ಅದನ್ನು ಇದ್ದ ಸ್ಥಳಕ್ಕೆ ಕರೆತರುವ ಒಂದು ಚಿಕ್ಕ ಉಪಾಯವಿದೆ. ಕಾಣುವ ಐದು ವಸ್ತುಗಳ ಹೆಸರನ್ನು ಹೇಳಿರಿ. ಮುಟ್ಟುವ ನಾಲ್ಕು ವಸ್ತುಗಳು, ಕೇಳುವ ಮೂರು ಶಬ್ದಗಳು, ಎರಡು ವಾಸನೆಗಳು, ಒಂದು ರುಚಿ. ಮಲೆನಾಡಿನ ಮನೆಯಲ್ಲಿ ಇದಕ್ಕೇನು ಕೊರತೆ? ಹಂಚಿನ ಮೇಲಿನ ಮಳೆ, ಕಪ್ಪೆಗಳ ವಟಗುಟ್ಟುವಿಕೆ, ಹಟ್ಟಿಯಲ್ಲಿ ದನದ ಕೊರಳ ಗಂಟೆ. ಒಣಗಿಸಲಿಟ್ಟ ಕಂಬಳಿಯ ವಾಸನೆ, ಬಚ್ಚಲೊಲೆಯ ಹೊಗೆ. ಬಾಯಲ್ಲಿ ಒಂದು ಲವಂಗ. ಇದು ಮಕ್ಕಳಿಗೆ ಆಟದಂತೆಯೇ ಇರುವದರಿಂದ ಗುಡುಗಿಗೆ ಹೆದರುವ ಮಗುವಿಗೆ ಕಲಿಸುವದು ಒಳ್ಳೇದು.

ಇಷ್ಟು ಶರೀರದ ಮಾತಾಯಿತು. ಆದರೆ ಚಿಂತೆಗೆ ಕಾರಣವಾದದ್ದನ್ನು ಏನು ಮಾಡುವದು? ಚಿಂತಿಸಬೇಡವೆಂದು ಮನಸ್ಸಿಗೆ ಹೇಳಿದರೆ ಅದು ಅದನ್ನೇ ಮಾಡುವದು. ೧೯೮೩ರಲ್ಲಿ ಅಮೇರಿಕದ ಪೆನ್ಸಿಲ್ವೇನಿಯ ಸೀಮೆಯ ಥಾಮಸ್ ಬೊರ್ಕೊವೆಕ್ ಎಂಬ ಮನಶ್ಶಾಸ್ತ್ರಜ್ಞನೂ ಅವನ ಜೊತೆಗಾರರೂ ಒಂದು ಜಾಣತನದ ಕ್ರಮವನ್ನು ಪರೀಕ್ಷಿಸಿದರು. ಚಿಂತೆಯನ್ನು ನಿಷೇಧಿಸುವದಕ್ಕೆ ಬದಲಾಗಿ ಅದಕ್ಕೆ ದಿನಕ್ಕೆ ಅರ್ಧ ಗಂಟೆಯ ಸಮಯವನ್ನೂ ಒಂದು ಸ್ಥಳವನ್ನೂ ಗೊತ್ತು ಮಾಡಿದರು. ಬೇರೆ ಹೊತ್ತಿನಲ್ಲಿ ಚಿಂತೆ ಬಂದರೆ, ನಿನ್ನ ಹೊತ್ತು ಸಂಜೆ ಐದು ಗಂಟೆಗೆ, ಆಗ ಬಾ ಎಂದು ಅದನ್ನು ಮುಂದಕ್ಕೆ ಹಾಕುವದು. ಗೊತ್ತಾದ ಹೊತ್ತಿನಲ್ಲಿ ಕಾಗದವನ್ನೂ ಪೆನ್ಸಿಲನ್ನೂ ತೆಗೆದುಕೊಂಡು ಕೂತು ಮನಸ್ಸು ತುಂಬಾ ಚಿಂತಿಸುವದು. ಇದನ್ನು ಮಲಗುವ ಹಾಸಿಗೆಯಲ್ಲಿ ಮಾಡಬಾರದು. ರಾತ್ರಿಯ ಊಟಕ್ಕೆ ಮೊದಲೇ ಮುಗಿಸಬೇಕು.

ಕಾಗದದಲ್ಲಿ ನಡುವೆ ಗೆರೆ ಎಳೆದು, ಎಡಗಡೆಯಲ್ಲಿ ನನ್ನ ಕೈಯಲ್ಲಿರುವದು, ಬಲಗಡೆಯಲ್ಲಿ ನನ್ನ ಕೈಯಲ್ಲಿ ಇಲ್ಲದ್ದು ಎಂದು ಬರೆಯಿರಿ. ಸೊಸೈಟಿಯ ಸಾಲವನ್ನು ದೃಷ್ಟಾಂತವಾಗಿ ತೆಗೆದುಕೊಳ್ಳೋಣ. ಅಡಿಕೆಯ ಧಾರಣೆಯು ಏರುವದೋ ಇಳಿಯುವದೋ ಎಂಬದು ಬಲಗಡೆಗೆ. ಶ್ರಾವಣದಲ್ಲಿ ಮಳೆಯು ಬಿಡುವದೋ ಎಂಬದೂ ಬಲಗಡೆಗೆ. ಕಂತಿನ ತಾರೀಕು ನಿಜವಾಗಿ ಯಾವದು, ಬಡ್ಡಿಯು ಎಷ್ಟಾಗಿದೆ, ಗಡುವನ್ನು ಮುಂದಕ್ಕೆ ಹಾಕುವದಕ್ಕೆ ಅವಕಾಶವುಂಟೋ, ಬೆಳೆವಿಮೆಗೆ ಹೆಸರು ಸೇರಿದೆಯೋ ಎಂದು ಸೋಮವಾರ ಹೋಗಿ ಕಾರ್ಯದರ್ಶಿಯನ್ನು ಕೇಳುವದು ಎಡಗಡೆಗೆ. ಮನೆಯಲ್ಲಿ ಹೆಂಡತಿಗೆ ಸಾಲದ ಮೊತ್ತವನ್ನು ಹೇಳುವದು, ಅದೂ ಎಡಗಡೆಗೆ. ಈ ಕಡೆಯ ಸಾಲನ್ನು ಬರೆಯುವದಕ್ಕೆ ಅನೇಕ ಗಂಡಸರ ಕೈ ನಡುಗುವದೆಂದು ನಮಗೆ ಗೊತ್ತು. ಆದರೂ ಬರೆಯಿರಿ. ಮುಚ್ಚಿಟ್ಟ ಸಾಲದಷ್ಟು ನಿದ್ದೆಗೆಡಿಸುವ ವಸ್ತುವು ಮತ್ತೊಂದಿಲ್ಲ. ಆಕೆಗೂ ಅರ್ಧ ಗೊತ್ತಿದ್ದೇ ಇರುವದು, ಗೊತ್ತಿಲ್ಲದ ಅರ್ಧವನ್ನು ಆಕೆಯು ನಿಜಕ್ಕಿಂತ ದೊಡ್ಡದಾಗಿ ಊಹಿಸಿಕೊಳ್ಳುತ್ತಿರುವಳು.

ನಿದ್ದೆಯ ವಿಷಯದಲ್ಲಿ ಎರಡು ಮಾತು ಮಾತ್ರ. ಮಲಗಿ ಇಪ್ಪತ್ತು ನಿಮಿಷಗಳಾದರೂ ನಿದ್ದೆ ಬಾರದಿದ್ದರೆ ಹೊರಳಾಡುತ್ತಾ ಇರಬೇಡಿರಿ. ಎದ್ದು ಬಚ್ಚಲೊಲೆಯ ಮುಂದೆ ಕೂತುಕೊಂಡು, ತೂಕಡಿಕೆ ಬಂದ ಮೇಲೆ ತಿರಿಗಿ ಬನ್ನಿರಿ. ರಾತ್ರಿ ಎಷ್ಟು ಹೊತ್ತಿಗೆ ಮಲಗಿದರೂ ಬೆಳಿಗ್ಗೆ ಏಳುವ ಹೊತ್ತನ್ನು ಬದಲಾಯಿಸಬೇಡಿರಿ. ಹಾಸಿಗೆಯಲ್ಲಿ ಮೊಬೈಲು ಹಿಡಿದುಕೊಂಡು ಧಾರಣೆಯನ್ನೂ ಆನೆಯ ಸುದ್ದಿಯನ್ನೂ ನೋಡುವದು ಬೇಡವೆಂದು ಹೇಳಬೇಕೇ?

ಬಾಯಿಗೆ ಹಾಕುವ ವಸ್ತುಗಳ ಮಾತನ್ನೂ ಹೇಳಲೇಬೇಕು. ನಮ್ಮದು ಕಾಫಿಯ ಜಿಲ್ಲೆ. ಸಾಯಂಕಾಲ ಐದಕ್ಕೆ ಕುಡಿದ ಕಾಫಿಯ ಸಾರದಲ್ಲಿ ಸುಮಾರು ಅರ್ಧವು ರಾತ್ರಿ ಹತ್ತಕ್ಕೂ ರಕ್ತದಲ್ಲಿ ಉಳಿದಿರುವದು. ಕಳವಳವುಳ್ಳವನ ಎದೆಯನ್ನು ಅದು ಇನ್ನೂ ಹೊಡೆಯಿಸುವದು. ಮಧ್ಯಾಹ್ನದ ಮೇಲೆ ಕೊತ್ತಂಬರಿ ಜೀರಿಗೆಯ ಕಷಾಯವನ್ನು ಕುಡಿದರೆ ನಷ್ಟವೇನು? ಅಡಿಕೆಯ ಸೀಮೆಯಲ್ಲಿ ಮುಂದಿನ ಮಾತನ್ನು ಬರೆಯುವದಕ್ಕೆ ನಮಗೆ ಸಂಕೋಚವಾಗುತ್ತದೆ. ಆದರೂ ನಿಜವನ್ನು ಮರೆಮಾಡಲಾಗದು. ಅಡಿಕೆಯಲ್ಲಿರುವ ಅರಿಕೋಲಿನ್ ಎಂಬ ಸಾರವು ಎಚ್ಚರವನ್ನು ಹೆಚ್ಚಿಸುವದು, ಜಗಿದಾಗ ಎದೆಯ ಬಡಿತವು ವೇಗವಾಗುವದು. ಹೊಗೆಸೊಪ್ಪು ಸೇರಿದರೆ ಮತ್ತಷ್ಟು. ಬಾಯಿಯ ಅರ್ಬುದದ ಮಾತು ಬೇರೆಯೇ ಇದೆ. ಚಿಂತೆ ಕಳೆಯಲೆಂದು ಎಲೆ ಹಾಕುವವನು ತನಗೆ ತಿಳಿಯದೆ ಒಲೆಗೆ ಸೌದೆ ಒಟ್ಟುತ್ತಾನೆ. ಸಾರಾಯಿಯು ಮೊದಲ ಜಾವದಲ್ಲಿ ನಿದ್ದೆಯನ್ನು ಕೊಟ್ಟು ಮೂರನೆಯ ಜಾವದಲ್ಲಿ ಅದನ್ನು ಕಿತ್ತುಕೊಳ್ಳುವದು. ಬೆಳಗಿನ ಕಳವಳವು ನಿನ್ನೆಯದಕ್ಕಿಂತ ಹೆಚ್ಚು.

ಇಲ್ಲಿಯ ವರೆಗೆ ಓದಿದ ಗೃಹಿಣಿಯೊಬ್ಬಳು, ಬೆಳಿಗ್ಗೆ ಐದರಿಂದ ರಾತ್ರಿ ಹತ್ತರ ವರೆಗೆ ನನಗೆ ಹದಿನೈದು ನಿಮಿಷ ಎಲ್ಲಿಯದು ಎಂದು ಕೇಳಿಯಾಳು. ನ್ಯಾಯವಾದ ಪ್ರಶ್ನೆ. ಒಲೆ, ಹಟ್ಟಿ, ಮಕ್ಕಳು, ಹಾಸಿಗೆ ಹಿಡಿದ ಅತ್ತೆ, ಆಳುಗಳ ಊಟ, ಇವೆಲ್ಲವುಗಳ ಮೇಲೆ ಈಗ ವಿಶ್ರಾಂತಿ ಎಂಬ ಇನ್ನೊಂದು ಕೆಲಸವನ್ನು ಆಕೆಯ ತಲೆಯ ಮೇಲೆ ಹೊರಿಸುವದು ನಮ್ಮ ಉದ್ದೇಶವಲ್ಲ. ಈ ಕಾಲುಗಂಟೆಯನ್ನು ಆಕೆಗೆ ಕೊಡಬೇಕಾದವರು ಮನೆಯ ಇತರರು. ಸಂಜೆಯ ಹಾಲು ಕರೆಯುವದನ್ನೋ ಪಾತ್ರೆ ತೊಳೆಯುವದನ್ನೋ ಗಂಡನೂ ದೊಡ್ಡ ಮಕ್ಕಳೂ ಮಾಡಲಿ. ಅದು ಒಂದು ದಿವಸದ ದಯೆಯಾಗಿರದೆ ಮನೆಯ ಪದ್ಧತಿಯಾಗಲಿ. ಒಂಟಿಮನೆಗಳಲ್ಲಿ ಇರುವ ಹೆಂಗಸರಿಗೆ ಮಳೆಗಾಲದಲ್ಲಿ ವಾರಗಟ್ಟಲೆ ಮತ್ತೊಬ್ಬ ಹೆಂಗಸಿನ ಮುಖವನ್ನು ನೋಡುವದಕ್ಕೆ ಸಿಕ್ಕುವದಿಲ್ಲ. ಮಕ್ಕಳೆಲ್ಲರೂ ಪಟ್ಟಣಕ್ಕೆ ಹೋಗಿ ವೃದ್ಧರಿಬ್ಬರೇ ಉಳಿದ ಮನೆಗಳೂ ಅನೇಕ. ಅಂಥವರ ಬಾಗಿಲಿಗೆ ವಾರಕ್ಕೊಮ್ಮೆ ಕೊಡೆ ಹಿಡಿದುಕೊಂಡು ಹೋಗಿ, ಬುದ್ಧಿ ಹೇಳದೆ, ಅರ್ಧ ತಾಸು ಕೂತು ಅವರ ಮಾತನ್ನು ಕೇಳಿ ಬರುವ ನೆರೆಯವಳು ಮಾಡುವ ಸಹಾಯವನ್ನು ನಾವು ಬರೆದ ಯಾವ ಉಪಾಯವೂ ಮಾಡಲಾರದು.

ಇನ್ನು ಈ ಉಪಾಯಗಳು ಸಾಲದೆ ಹೋಗುವ ಸಮಯಗಳನ್ನು ಸ್ಪಷ್ಟವಾಗಿ ಹೇಳುತ್ತೇವೆ. ಎದೆಯಲ್ಲಿ ಒತ್ತಿದಂತೆ ನೋವು ಬಂದು ಎಡತೋಳಿಗೋ ದವಡೆಗೋ ಹರಿದು, ಬೆವರು ಬಂದರೆ, ಇದು ಕಳವಳವೇ ಇರಬಹುದೆಂದು ಉಸಿರನ್ನು ಎಣಿಸುತ್ತಾ ಕೂಡ್ರಬಾರದು. ೧೦೮ಕ್ಕೆ ಕರೆಮಾಡಿ ಆಸ್ಪತ್ರೆಗೆ ಹೋಗತಕ್ಕದ್ದು. ದುಃಖವೂ ಭಯವೂ ಎರಡು ವಾರಗಳಿಗಿಂತ ಹೆಚ್ಚಾಗಿ ಬಿಡದಿದ್ದರೆ, ಊಟ ನಿದ್ದೆ ಕೆಟ್ಟು ಕೆಲಸವು ಸಾಗದಿದ್ದರೆ, ಯಾವ ಸಂಗತಿಯಲ್ಲಿಯೂ ಸಂತೋಷವಾಗದಿದ್ದರೆ ವೈದ್ಯರನ್ನು ಕಾಣಬೇಕು. ಇದಕ್ಕೆ ಬೆಂಗಳೂರಿನ ನಿಮ್ಹಾನ್ಸಿನ ವರೆಗೆ ಹೋಗಲೇಬೇಕೆಂದಿಲ್ಲ. ತಾಲೂಕು ಆಸ್ಪತ್ರೆಗಳಿಗೆ ಗೊತ್ತಾದ ವಾರದಲ್ಲಿ ಮನೋವೈದ್ಯರು ಬರುವ ಏರ್ಪಾಡನ್ನು ಕರ್ನಾಟಕ ಸರಕಾರವು ೨೦೧೪ರಲ್ಲಿ ಮನೋಚೈತನ್ಯ ಎಂಬ ಹೆಸರಿನಿಂದ ಆರಂಭಿಸಿತು. ನಿಮ್ಮ ತಾಲೂಕಿನ ಸರಕಾರಿ ಆಸ್ಪತ್ರೆಯಲ್ಲಿ ದಿವಸವನ್ನು ವಿಚಾರಿಸಿರಿ. ಜ್ವರಕ್ಕೆ ಔಷಧಿ ತೆಗೆದುಕೊಳ್ಳುವವನು ಇದಕ್ಕೆ ತೆಗೆದುಕೊಳ್ಳುವದರಲ್ಲಿ ಅವಮಾನವೇನೂ ಇಲ್ಲ.

ಮನೆಯಲ್ಲಿ ಯಾರಾದರೂ, ನಾನು ಇದ್ದು ಏನು ಪ್ರಯೋಜನ, ನಾನಿಲ್ಲದಿದ್ದರೆ ನಿಮಗೆ ಸುಖ ಎಂದು ಹೇಳಿದರೆ ಅದನ್ನು ಬೇಸರದ ಮಾತೆಂದು ತಳ್ಳಬೇಡಿರಿ. ಸಾಯಬೇಕೆಂದು ಯೋಚನೆ ಬರುತ್ತದೋ ಎಂದು ನೇರವಾಗಿ, ಮೆಲ್ಲಗೆ ಕೇಳಿರಿ. ಕೇಳುವದರಿಂದ ಆ ಯೋಚನೆಯು ಹುಟ್ಟುವದಿಲ್ಲ, ಹೊತ್ತವನ ಭಾರವು ಹಗುರವಾಗುವದು. ಅವರನ್ನು ಒಂಟಿಯಾಗಿ ಬಿಡಬೇಡಿರಿ. ತೋಟದ ಕೀಟನಾಶಕ, ಕಳೆನಾಶಕಗಳನ್ನು ಅದೇ ದಿವಸ ಮನೆಯಿಂದ ಹೊರಗೆ ಬೀಗದೊಳಗೆ ಇಟ್ಟು ಬೀಗದ ಕೈಯನ್ನು ನೆರೆಮನೆಯವರ ಹತ್ತಿರ ಕೊಡಿರಿ. ಕೋವಿ ಇದ್ದರೆ ಅದನ್ನೂ ಮನೆಯಿಂದ ದೂರ ಮಾಡಿರಿ. ಈ ಒಂದು ಕೆಲಸದಿಂದ ಪ್ರಾಣಗಳು ಉಳಿದಿವೆ, ಯಾಕಂದರೆ ಅಂಥ ಗಳಿಗೆಯು ಬಹಳ ಸಲ ಬಂದ ಹಾಗೆಯೇ ದಾಟಿ ಹೋಗುತ್ತದೆ. ಆ ಗಳಿಗೆಯಲ್ಲಿ ಕೈಗೆ ಏನು ಸಿಕ್ಕುತ್ತದೆಂಬದೇ ಮುಖ್ಯ.

ಟೆಲಿ ಮಾನಸ್ ಎಂಬ ಸರಕಾರಿ ಸಹಾಯವಾಣಿಯು ೨೦೨೨ನೇ ಅಕ್ಟೋಬರ ೧೦ನೇ ತಾರೀಕಿನಿಂದ ನಡೆಯುತ್ತಿದೆ. ಅದರ ಅಂಕೆ ೧೪೪೧೬. ಒಂದು, ನಾಲ್ಕು, ನಾಲ್ಕು, ಒಂದು, ಆರು. ಹಗಲೂ ರಾತ್ರಿಯೂ ಕರೆಮಾಡಬಹುದು, ಹಣ ಕೊಡಬೇಕಾದದ್ದಿಲ್ಲ, ಕನ್ನಡದಲ್ಲಿಯೇ ಮಾತಾಡಬಹುದು. ಏನು ಹೇಳುವದೆಂದು ತಿಳಿಯದಿದ್ದರೆ, ರಾತ್ರಿ ನಿದ್ದೆ ಬರುವದಿಲ್ಲ ಎಂದಷ್ಟೇ ಹೇಳಿರಿ. ಮುಂದಿನದನ್ನು ಅವರೇ ಕೇಳುವರು. ಮಳೆಗಾಲದಲ್ಲಿ ನಮ್ಮ ಎಷ್ಟೋ ಮನೆಗಳಲ್ಲಿ ಮೊಬೈಲಿಗೆ ಸಿಗ್ನಲ್ಲು ಇರುವದಿಲ್ಲವಾದದರಿಂದ, ಯಾವ ದಿಬ್ಬದ ಮೇಲೆ ಇಲ್ಲವೆ ಯಾರ ಮನೆಯ ಅಂಗಳದಲ್ಲಿ ಅದು ಸಿಕ್ಕುವದೆಂದು ಹೊಳವಿರುವಾಗಲೇ ನೋಡಿಟ್ಟುಕೊಂಡು, ಆ ಅಂಕೆಯನ್ನು ಅಡಿಗೆಮನೆಯ ಬಾಗಿಲಿನ ಒಳಗಡೆಯಲ್ಲಿ ಸೀಮೆಸುಣ್ಣದಿಂದ ದಪ್ಪವಾಗಿ ಬರೆದಿಡಿರಿ.